ಮೊದಲು ಮೈದಾನ ನೋಡಿ, ಆಮೇಲೆ ಕ್ಯಾಮೆರಾ

“ಸರ್, ಇದರಾಗ ನಾ ಎಲ್ಲದೀನ್ರಿ?”

ಸದಲಗಾ ಭಾಗದ ಒಂದು ಪ್ರೌಢಶಾಲೆಗೆ ಪಾಠ ವೀಕ್ಷಣೆಗೆ ಹೋಗಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ವಾರ್ಷಿಕ ಸಂಚಿಕೆಯನ್ನು ನನ್ನ ಮುಂದೆ ಹಿಡಿದು ಹೀಗೆ ಕೇಳಿದಳು. ಖೋ-ಖೋ ಪಂದ್ಯದ ಚಿತ್ರ. ಸಾಲಿನಲ್ಲಿ ಕುಳಿತವರ ಮುಖ ಗುರುತು ಸಿಗುತ್ತಿತ್ತು. ಓಡುತ್ತಿದ್ದವಳ ಜಾಗದಲ್ಲಿ ಬರೀ ಒಂದು ಬಿಳಿ ಗೆರೆ. ಆ ಗೆರೆ ಇವಳೇ. ಅದೇ ಸಂಚಿಕೆಯಲ್ಲಿ ಅತಿಥಿಗಳಿಗೆ ಹಾರ ಹಾಕುವ ಚಿತ್ರಗಳೆಲ್ಲ ಸ್ಪಷ್ಟವಾಗಿದ್ದವು. ಅತಿಥಿಗಳು ಓಡುವುದಿಲ್ಲವಲ್ಲ!

ಆ ಶಾಲೆಯಲ್ಲಿ ಕ್ಯಾಮೆರಾ ಇರಲಿಲ್ಲವೆಂದಲ್ಲ. ಹಳೆಯ ವಿದ್ಯಾರ್ಥಿಗಳು ಕೊಟ್ಟ, ಉದ್ದ ಜೂಮಿನ ಪುಟ್ಟ ಕ್ಯಾಮೆರಾ ಕಪಾಟಿನಲ್ಲಿತ್ತು. ಡಬ್ಬಿಯ ಮೇಲೆ ಮೆಗಾಪಿಕ್ಸೆಲ್ ಸಂಖ್ಯೆ ದಪ್ಪಕ್ಷರದಲ್ಲಿತ್ತು. ಕೊಳ್ಳುವಾಗ ನೋಡಿದ್ದೂ ಅದನ್ನೇ. ಶಾಲೆಗೆ ಕ್ಯಾಮೆರಾ ಆರಿಸುವಾಗ ಕಟ್ಟಕಡೆಗೆ ನೋಡಬೇಕಾದದ್ದು ಅದು ಎಂಬುದು ನನ್ನ ಅಭಿಪ್ರಾಯ. ಎ4 ಅಳತೆಯ ಪೂರ್ತಿ ಪುಟವನ್ನು ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಲು ಸುಮಾರು 9 ಮೆಗಾಪಿಕ್ಸೆಲ್ ಸಾಕು. ನಮ್ಮ ಸಂಚಿಕೆಗಳಲ್ಲಂತೂ ಒಂದೇ ಪುಟದಲ್ಲಿ ನಾಲ್ಕಾರು ಚಿತ್ರ ತುರುಕಿರುತ್ತೇವೆ.

ಮೊದಲು ನೋಡಬೇಕಾದದ್ದು ಮೈದಾನದ ಬೆಳಕು. ನಮ್ಮಲ್ಲಿ ವಲಯ, ತಾಲೂಕು ಮಟ್ಟದ ಆಟಗಳು ಹೆಚ್ಚಾಗಿ ನಡೆಯುವುದು ದೂಧಗಂಗೆ ತುಂಬಿ ಹರಿಯುವ ದಿನಗಳಲ್ಲಿ. ಮೇಲೆ ಮೋಡ, ಫೈನಲ್ ಶುರುವಾಗುವುದು ಸಂಜೆ. ಸೆಕೆಂಡಿಗೆ 5 ಮೀಟರ್ ಓಡುವ ಮಗು 1/60 ಸೆಕೆಂಡಿನಲ್ಲಿ 8 ಸೆಂಟಿಮೀಟರ್ ಸರಿದಿರುತ್ತದೆ. ಮುಖ ಅಳಿಸಿಹೋಗಲು ಅಷ್ಟು ಸಾಕು. 1/500 ಸೆಕೆಂಡಿನಲ್ಲಾದರೆ ಸರಿಯುವುದು 1 ಸೆಂಟಿಮೀಟರ್. ಅಷ್ಟು ಚಿಕ್ಕ ಕ್ಷಣದಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕಾದರೆ ಲೆನ್ಸಿನ ಬಾಯಿ ಅಗಲವಿರಬೇಕು. ಕ್ಯಾಮೆರಾದ ಜೊತೆಗೇ ಬರುವ 18-55 ಎಂ.ಎಂ. ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/5.6ಕ್ಕೆ ಕಿರಿದಾಗುತ್ತದೆ. 50 ಎಂ.ಎಂ. ಎಫ್/1.8 ಲೆನ್ಸ್ ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಇದರಲ್ಲಿ ಜೂಮ್ ಇಲ್ಲ, ನಿಜ. ಆದರೆ ಖೋ-ಖೋ ಅಂಕಣದ ಉದ್ದ 27 ಮೀಟರ್ ಮಾತ್ರ. ಗೆರೆಯ ಹೊರಗೆ, ಕಂಬದ ನೇರಕ್ಕೆ ನಿಂತರೆ ಆಟ ನಿಮ್ಮತ್ತಲೇ ಓಡಿಬರುತ್ತದೆ. ಕಬಡ್ಡಿಯಲ್ಲಿ ಇನ್ನೂ ಹತ್ತಿರ. ಪ್ರತಿಭಾ ಕಾರಂಜಿಯ ಮಂದ ಬೆಳಕಿನ ವೇದಿಕೆಗೂ ಇದೇ ಲೆನ್ಸ್ ಆದೀತು. ಐಎಸ್ಒ 1600, 3200ಕ್ಕೆ ಏರಿಸಲು ಅಂಜಬೇಡಿ; ಆಗ ಕಾಣುವ ಕಾಳುಕಾಳು ಚಿಕ್ಕ ಚಿತ್ರದ ಮುದ್ರಣದಲ್ಲಿ ಎದ್ದು ಕಾಣುವುದಿಲ್ಲ.

ಹಾಗಾಗಿ ನನ್ನ ಸಲಹೆ: ಬಳಸಿದ ಡಿಎಸ್ಎಲ್ಆರ್ ಬಾಡಿ, ಹೊಸ 50 ಎಂ.ಎಂ. ಲೆನ್ಸ್. ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡೂ 2018ರಲ್ಲಿ ಬಂದವು, ಎರಡೂ 24 ಮೆಗಾಪಿಕ್ಸೆಲ್. ಸೆಕೆಂಡಿಗೆ ಕ್ಯಾನನ್ 3 ಚಿತ್ರ ತೆಗೆದರೆ ನಿಕಾನ್ 5 ತೆಗೆಯುತ್ತದೆ. ಆಟಕ್ಕೆ ನಿಕಾನ್ ವಾಸಿ. ಆದರೆ ಡಿ3500 ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗವೆಂದು ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಿಂದಲೇ ಫೋಕಸ್ ತಿರುಗಿಸುತ್ತ ಕೂಡಬೇಕಾಗುತ್ತದೆ, ಎಎಫ್-ಎಸ್ ಎಂದು ಬರೆದದ್ದನ್ನೇ ಕೇಳಿ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯೇ ನೋಡಿ. ನಿಪ್ಪಾಣಿಯಲ್ಲಿ ಕೊಳ್ಳಿ, ಕೊಲ್ಹಾಪುರದಲ್ಲಿ ಕೊಳ್ಳಿ, ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ. ಇಲ್ಲದಿದ್ದರೆ ಲೆಕ್ಕ ತಪಾಸಣೆಯ ದಿನ ಮುಖ್ಯಗುರುಗಳ ಮುಖದ ಫೋಟೊ ತೆಗೆಯಬೇಕಾದೀತು! ದಾನವಾಗಿ ಬಂದದ್ದಾದರೂ ದಾಸ್ತಾನು ವಹಿಯಲ್ಲಿ ದಾಖಲಾಗಲಿ.

“ಮೊಬೈಲ್ ಇದೆಯಲ್ಲ, ಸಾಲದೇ?” ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ತರಗತಿಯ ಗುಂಪುಚಿತ್ರಕ್ಕೆ, ಪ್ರಭಾತಫೇರಿಗೆ, ವಿಜ್ಞಾನ ಮಾದರಿಗಳಿಗೆ ಧಾರಾಳವಾಗಿ ಸಾಕು. ಅದಕ್ಕಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಸಂಜೆಯ ಓಟಕ್ಕೆ ಸಾಲದು. ಇನ್ನೊಂದು ಮಾತೂ ಇದೆ. ಮಕ್ಕಳ ಚಿತ್ರಗಳು ಶಿಕ್ಷಕರ ಸ್ವಂತ ಮೊಬೈಲಿನಲ್ಲಿ ಉಳಿದು, ಅಲ್ಲಿಂದ ಯಾರದೋ ಸ್ಟೇಟಸ್ಸಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಶಾಲೆಯ ಕ್ಯಾಮೆರಾದ ಕಾರ್ಡು ಶಾಲೆಯಲ್ಲೇ ಇರುತ್ತದೆ.

ಕ್ಯಾಮೆರಾ ಬಂದ ಮೇಲೆ ಅದನ್ನು ಹಿಡಿಯುವವರು ಯಾರು? ನಮ್ಮ ಪ್ರಶಿಕ್ಷಣಾರ್ಥಿಗಳೇ ಹಿಡಿಯಲಿ ಎನ್ನುತ್ತೇನೆ. ಎರಡು ವರ್ಷದ ಬಿ.ಇಡಿ.ಯಲ್ಲಿ ಅವರು 20 ವಾರ ಶಾಲೆಗಳಲ್ಲಿರುತ್ತಾರೆ. ಈಗ ಅವರ ವರದಿಗಳಲ್ಲಿ ಬರುವುದು ಕರಿಹಲಗೆಯ ಮುಂದೆ ತಾವೇ ನಿಂತ ಚಿತ್ರ, ಮಕ್ಕಳ ಬೆನ್ನು. ಶಾಲೆಗೆ ಕಳಿಸುವ ಮುನ್ನ ಒಂದು ಸಂಜೆ ಅವರನ್ನು ನಮ್ಮ ಮೈದಾನಕ್ಕೇ ಇಳಿಸಿ, ಖೋ-ಖೋ ಆಡಿಸಿ, 1/60ರಲ್ಲೂ 1/500ರಲ್ಲೂ ಚಿತ್ರ ತೆಗೆಸಬೇಕು. ಶಾಲೆಗೆ ಹೋದ ಮೇಲೆ ಹಾಜರಿ ಪುಸ್ತಕದ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಂಡು, ಮುಖ ಸ್ಪಷ್ಟವಾಗಿ ಬಂದ ಮಗುವಿನ ಮುಂದೆ ಗುರುತು ಹಾಕುತ್ತ ಹೋಗಲಿ. ಗೆದ್ದವರು, ಮಾನಿಟರ್‌ಗಳು, ಮುಂದಿನ ಬೆಂಚಿನವರು ಮೊದಲ ವಾರದಲ್ಲೇ ಮುಗಿಯುತ್ತಾರೆ. ಗುರುತಿಲ್ಲದ ಹೆಸರುಗಳನ್ನು ಹುಡುಕಿಕೊಂಡು ಹೋಗುವ ಕೆಲಸ ಆಮೇಲಿನದು.

ಆ ಹುಡುಗಿ ಈಗ ಒಂಬತ್ತನೆಯ ತರಗತಿ. ಅವಳು ಆ ಶಾಲೆ ಬಿಡುವ ಮುನ್ನ ಇನ್ನು ಎರಡು ಸಂಚಿಕೆಗಳು ಬರುತ್ತವೆ.