ಕೂಡಿ ಬರೆಯುವ ಜಾಲ, ಒಂಟಿಯಾದ ಉಪಾಧ್ಯಾಯ

ಪಾಠಶಾಲೆಗೆ ಹೊಸ ಯಂತ್ರವೊಂದು ಬಂದಾಗಲೆಲ್ಲ ಅದರ ಸ್ವಾಗತಕ್ಕೆ ಹಾರತುರಾಯಿಗಳ ಕೊರತೆಯಾಗುವುದಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಮಕ್ಕಳ ಮುಂದೆ ನಡೆಸಬೇಕಾದ ಉಪಾಧ್ಯಾಯರ ನೆನಪು ಮಾತ್ರ ಬಹುಮಂದಿಗೆ ಆಗುವುದಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ದೂರದರ್ಶನ ಬಂದಿತು. ಬೆಳಗಿನ ಹೊತ್ತು ಶಾಲಾಮಕ್ಕಳಿಗಾಗಿ ಪಾಠಗಳು ಬಿತ್ತರವಾದವು. 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ಆಯ್ದ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಈಗ ಅಂತರಜಾಲದ ಸರದಿ. ಆದರೆ ಹಿಂದಿನ ಸಾಧನಗಳಿಗೂ ಇದಕ್ಕೂ ಒಂದು ಮೂಲಭೂತವಾದ ಭೇದವಿದೆ. ಅದನ್ನು ಗ್ರಹಿಸದೆ ಉಪಾಧ್ಯಾಯರ ಕೈಗೆ ಇದನ್ನು ಕೊಡುವುದು, ಈಜು ತಿಳಿಯದವನನ್ನು ಹೊಳೆಯ ನಡುವೆ ಇಳಿಸಿದಂತೆಯೇ ಸರಿ.

ದೂರದರ್ಶನವು ಮಾತನಾಡುತ್ತಿತ್ತು, ಮಕ್ಕಳು ಕೇಳುತ್ತಿದ್ದರು. ಅಂತರಜಾಲದ ಸಹಕಾರಿ ಸಾಧನಗಳಾದರೋ ಹತ್ತು ಕೈಗಳು ಒಂದೇ ಹಾಳೆಯ ಮೇಲೆ ಬರೆಯಲೆಂದು ಹುಟ್ಟಿದವುಗಳು. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಅವರು 1995ರಲ್ಲಿ, ಓದುವವರೆಲ್ಲರೂ ತಿದ್ದಬಹುದಾದ ‘ವಿಕಿ’ ಎಂಬ ಪುಟವ್ಯವಸ್ಥೆಯನ್ನು ರೂಪಿಸಿದರು. 2001ರಲ್ಲಿ ಅದರ ಆಧಾರದ ಮೇಲೆ ವಿಕಿಪೀಡಿಯ ಎಂಬ ವಿಶ್ವಕೋಶವು ಆರಂಭವಾಯಿತು. 2003ರಲ್ಲಿ ಕನ್ನಡ ಆವೃತ್ತಿಯೂ ಮೊದಲಾಯಿತು. ಅನಂತರ ಹಲವರು ಒಟ್ಟಿಗೆ ಬರೆಯಬಹುದಾದ ದಸ್ತಾವೇಜುಗಳೂ ಬಂದು, ಇಂದು ಸಾಮಾನ್ಯ ದೂರವಾಣಿಯಲ್ಲಿಯೂ ಲಭ್ಯವಾಗಿವೆ.

ಈ ಸಾಧನದ ಗುಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಎಂಟನೆಯ ತರಗತಿಯಲ್ಲಿ ‘ನೀರಿನಿಂದ ಹರಡುವ ರೋಗಗಳು’ ಎಂಬ ಪಾಠವಿದೆಯೆಂದು ಭಾವಿಸೋಣ. ಐದು ಮಕ್ಕಳ ಗುಂಪು ಒಂದೇ ಪುಟವನ್ನು ಹಂಚಿಕೊಳ್ಳುತ್ತದೆ. ಒಬ್ಬಳು ಕಾಲರಾ ಕುರಿತು ಬರೆಯುತ್ತಾಳೆ; ಇನ್ನೊಬ್ಬನು ವಿಷಮಶೀತಜ್ವರದ ಬಗ್ಗೆ; ಮತ್ತೊಬ್ಬಳು ತನ್ನ ಚಾಳಿನಲ್ಲಿ ಕುಡಿಯುವ ನೀರನ್ನು ಹೇಗೆ ಶೇಖರಿಸುತ್ತಾರೆಂಬುದನ್ನು ಸೇರಿಸುತ್ತಾಳೆ. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತಾರೆ. ಯಾರು ಯಾವಾಗ ಏನನ್ನು ಬರೆದರು, ಏನನ್ನು ಅಳಿಸಿದರು ಎಂಬ ಚರಿತ್ರೆಯೆಲ್ಲವೂ ಪುಟದ ಹಿಂದೆ ದಾಖಲಾಗಿರುತ್ತದೆ. ನೋಟ್‌ಪುಸ್ತಕದಲ್ಲಿ ಉಪಾಧ್ಯಾಯರಿಗೆ ಕಾಣುವುದು ಕೊನೆಯ ಉತ್ತರ ಮಾತ್ರ. ಇಲ್ಲಿ ಮಗುವಿನ ಯೋಚನೆಯು ಬೆಳೆದು ಬಂದ ದಾರಿಯೇ ಕಾಣುತ್ತದೆ. ಇದು ಅಲ್ಪ ಲಾಭವಲ್ಲ.

ಆದರೆ ಸಮಸ್ಯೆಗಳು ಹುಟ್ಟುವುದೂ ಇಲ್ಲಿಯೇ. ಚುರುಕಾದ ಹುಡುಗನೊಬ್ಬನು ಉಳಿದ ನಾಲ್ವರ ವಾಕ್ಯಗಳನ್ನು ಅಳಿಸಿ ತನ್ನದನ್ನೇ ಬರೆದರೆ ಏನು ಮಾಡಬೇಕು? ಒಂದೇ ಪುಟಕ್ಕೆ ಐವರಿಗೂ ಅಂಕ ಕೊಡುವುದು ಹೇಗೆ? ಎಲ್ಲಿಂದಲೋ ಎತ್ತಿ ತಂದ ವಾಕ್ಯವನ್ನು ಗುರುತಿಸುವುದು ಹೇಗೆ? ಇವು ಯಂತ್ರದ ಪ್ರಶ್ನೆಗಳಲ್ಲ, ಬೋಧನೆಯ ಪ್ರಶ್ನೆಗಳು. ಗುಂಡಿ ಒತ್ತುವುದನ್ನು ಕಲಿಸುವ ಶಿಬಿರಗಳಲ್ಲಿ ಇವಕ್ಕೆ ಉತ್ತರ ದೊರಕುವುದಿಲ್ಲ.

ಈ ಉಪೇಕ್ಷೆಯ ಫಲವೇನೆಂಬುದಕ್ಕೆ ಪುಣೆ ನಗರವೇ ಸಾಕ್ಷಿಯಾಯಿತು. 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ಅಲ್ಲಿನ ಕೆಲವು ಕಾಲೇಜುಗಳಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ವಿದ್ಯಾರ್ಥಿಗಳು ತಮ್ಮ ಪಾಠಕ್ಕೆ ಸಂಬಂಧಿಸಿದ ಲೇಖನಗಳನ್ನು ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯಬೇಕೆಂಬುದು ಯೋಜನೆ. ಉದ್ದೇಶವು ಉದಾತ್ತವಾಗಿತ್ತು, ಉತ್ಸಾಹಕ್ಕೂ ಕೊರತೆಯಿರಲಿಲ್ಲ. ಆದರೆ ಬಹಳ ಮಂದಿ ವಿದ್ಯಾರ್ಥಿಗಳು ಪುಸ್ತಕಗಳಿಂದಲೂ ಜಾಲದಿಂದಲೂ ವಾಕ್ಯಗಳನ್ನು ಇದ್ದಂತೆಯೇ ಎತ್ತಿ ಇಟ್ಟರು. ಅವನ್ನು ಹುಡುಕಿ ತೆಗೆಯುವುದೇ ಜಗತ್ತಿನ ಬೇರೆಡೆಯ ಸ್ವಯಂಸೇವಕರಿಗೆ ದೊಡ್ಡ ಹೊರೆಯಾಯಿತು. ಆ ವರ್ಷದ ನವೆಂಬರ್ ವೇಳೆಗೆ ಪ್ರಯೋಗವನ್ನು ನಿಲ್ಲಿಸಬೇಕಾಯಿತು.

ಇದಕ್ಕೆ ವಿದ್ಯಾರ್ಥಿಗಳನ್ನು ದೂಷಿಸುವುದು ಸುಲಭ. ಆದರೆ ನ್ಯಾಯವಾಗಿ ವಿಚಾರಿಸಿದರೆ ದೋಷವು ಬೇರೆಡೆ ಇದೆ. ಪಠ್ಯಪುಸ್ತಕದ ವಾಕ್ಯವನ್ನು ಅಕ್ಷರವೂ ತಪ್ಪದಂತೆ ಬರೆದವರಿಗೆ ಪೂರ್ಣಾಂಕ ಕೊಟ್ಟು ಬೆಳೆಸಿದ ವ್ಯವಸ್ಥೆಯು, ಒಂದು ಬೆಳಗಾಗುವುದರೊಳಗೆ ‘ಸ್ವಂತ ಮಾತಿನಲ್ಲಿ ಬರೆಯಿರಿ’ ಎಂದರೆ ಅವರು ಏನು ಮಾಡಿಯಾರು? ಬೋಧಿಸುವವರಲ್ಲಿ ಅನೇಕರು ಸ್ವತಃ ಆ ವಿಶ್ವಕೋಶದಲ್ಲಿ ಬರೆದವರಾಗಿರಲಿಲ್ಲ. ಸಹಾಯಕ್ಕೆಂದು ನಿಯುಕ್ತರಾದ ತರುಣರಲ್ಲಿಯೂ ಹೆಚ್ಚಿನವರು ಆ ಕೆಲಸಕ್ಕೆ ಹೊಸಬರೇ. ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಾಗಿತ್ತು, ಅನುಭವಿಗಳ ಸಂಖ್ಯೆ ಚಿಕ್ಕದಾಗಿತ್ತು. ಸಾಧನವು ಸೋಲಲಿಲ್ಲ, ಉಪಾಧ್ಯಾಯರಿಗೆ ದೊರೆಯಬೇಕಾಗಿದ್ದ ಆಸರೆಯು ದೊರೆಯಲಿಲ್ಲ.

ಇದೇ ಕಾರ್ಯವು ಅಮೆರಿಕದಲ್ಲಿ ಬೇರೆ ರೀತಿಯಲ್ಲಿ ಬೇರೂರಿತು. ಅಲ್ಲಿ ಇದಕ್ಕೆಂದೇ ಹುಟ್ಟಿಕೊಂಡ ವಿಕಿ ಎಜುಕೇಷನ್ ಎಂಬ ಸಂಸ್ಥೆಯು ಪ್ರಾಧ್ಯಾಪಕರಿಗೆ ಮೊದಲು ತರಬೇತಿ ಕೊಡುತ್ತದೆ; ಯಾವ ವಾರ ಏನು ನಡೆಯಬೇಕೆಂಬ ಯೋಜನೆಯನ್ನು ಹಾಕಿಕೊಳ್ಳಲು ನೆರವಾಗುತ್ತದೆ; ಕೃತಿಚೌರ್ಯವೆಂದರೇನೆಂಬ ಪಾಠವನ್ನು ವಿದ್ಯಾರ್ಥಿಗಳಿಗೆ ಒದಗಿಸುತ್ತದೆ; ಅನುಭವಿಗಳು ಕೆಲಸದ ಮೇಲೆ ಕಣ್ಣಿಟ್ಟಿರುತ್ತಾರೆ. ಸಾಧನವು ಪುಣೆಯಲ್ಲಿದ್ದುದೇ, ಜೊತೆಗೆ ನಿಂತವರು ಬೇರೆ.

ಇಷ್ಟು ದೂರ ಹೋಗಬೇಕಾದುದೂ ಇಲ್ಲ. ಕರ್ನಾಟಕದಲ್ಲಿಯೇ 2011ರ ಸುಮಾರಿನಿಂದ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐ.ಟಿ. ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಸರ್ಕಾರಿ ಪ್ರೌಢಶಾಲೆಗಳ ವಿಷಯಶಿಕ್ಷಕರ ವೇದಿಕೆಯೊಂದನ್ನು ನಡೆಸಿದುವು. ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳನ್ನು ಬೋಧಿಸುವವರು ಕಾರ್ಯಾಗಾರಗಳಲ್ಲಿ ಸೇರಿ, ಊರಿಗೆ ಮರಳಿದ ಮೇಲೆ ಮಿಂಚಂಚೆಯ ಮೂಲಕ ಪರಸ್ಪರ ಸಂದೇಹಗಳನ್ನು ಕೇಳಿಕೊಂಡರು. ಮುಂದೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ವಿಕಿ ತಾಣದಲ್ಲಿ ಕನ್ನಡದಲ್ಲಿಯೇ ಪಾಠಸಾಮಗ್ರಿಯನ್ನು ಕೂಡಿ ಬರೆದರು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಮಕ್ಕಳಿಂದ ಕೂಡಿ ಬರೆಯಿಸುವ ಮೊದಲು ಉಪಾಧ್ಯಾಯರೇ ಕೂಡಿ ಬರೆದರು. ತಾವು ಸಹಕರಿಸಿ ಅರಿಯದವರು ಸಹಕಾರವನ್ನು ಕಲಿಸಲಾರರು.

‘ಈಗಿನ ಉಪಾಧ್ಯಾಯರೆಲ್ಲರ ಕೈಯಲ್ಲಿಯೂ ದೂರವಾಣಿಯಿದೆ, ಅವರಿಗೆ ಇದನ್ನೆಲ್ಲ ಕಲಿಸಬೇಕೆ?’ ಎಂದು ಕೆಲವರು ಕೇಳುತ್ತಾರೆ. ದೂರವಾಣಿಯಲ್ಲಿ ಸಂದೇಶ ಕಳುಹಿಸಬಲ್ಲವರೆಲ್ಲರೂ ನಲವತ್ತು ಮಕ್ಕಳಿಂದ ಕೂಡಿ ಬರೆಯಿಸಬಲ್ಲರೆಂಬುದು, ಅಡುಗೆಯನ್ನು ಸವಿಯಬಲ್ಲವರೆಲ್ಲರೂ ಮದುವೆಮನೆಯ ಬಾಣಸಿಗರಾಗಬಲ್ಲರು ಎಂಬಂಥ ವಾದ. ಮತ್ತೆ ಕೆಲವರು, ತರಬೇತಿಯು ಧಾರಾಳವಾಗಿ ದೊರೆಯುತ್ತಿದೆಯಲ್ಲ ಎನ್ನುತ್ತಾರೆ. ನಿಜ, 2017ರಲ್ಲಿ ‘ದೀಕ್ಷಾ’ ವೇದಿಕೆಯು ಆರಂಭವಾಯಿತು, 2019ರಲ್ಲಿ ಮೊದಲಾದ ‘ನಿಷ್ಠಾ’ ತರಬೇತಿಯು 2020ರಲ್ಲಿ ಅಂತರಜಾಲಕ್ಕೆ ಬಂದಿತು, ಅದೇ ವರ್ಷದ ರಾಷ್ಟ್ರೀಯ ಶಿಕ್ಷಣನೀತಿಯು ಪ್ರತಿ ಉಪಾಧ್ಯಾಯರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿವಿಕಾಸದ ಅವಕಾಶವಿರಬೇಕೆಂದು ಹೇಳಿತು. ಆದರೆ ಒಬ್ಬರೇ ಕುಳಿತು ದೃಶ್ಯಸುರುಳಿಯನ್ನು ನೋಡಿ, ಕೊನೆಯಲ್ಲಿ ಪ್ರಮಾಣಪತ್ರ ಪಡೆಯುವುದರಿಂದ ಸಹಕಾರದ ಕಲೆ ಹೇಗೆ ಬಂದೀತು? ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಶಿಕ್ಷಣತಜ್ಞರು 1980ರಷ್ಟು ಹಿಂದೆಯೇ, ಉಪನ್ಯಾಸ, ಪ್ರಾತ್ಯಕ್ಷಿಕೆ, ಅಭ್ಯಾಸಗಳ ಜೊತೆಗೆ, ಕಲಿತದ್ದು ತರಗತಿಯಲ್ಲಿ ನೆಲೆಯೂರುವಂತೆ ಮಾರ್ಗದರ್ಶನವೂ ಬೇಕೆಂದು ವಾದಿಸಿದ್ದರು. ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿದ್ದು ನೋಡಿ, ತಿದ್ದಿ, ಧೈರ್ಯ ಹೇಳುವುದಕ್ಕೆ ಬದಲಿಯಿಲ್ಲ.

ಯಂತ್ರಗಳೇ ಇಲ್ಲದೆಡೆ ಈ ಚರ್ಚೆ ಏತಕ್ಕೆಂಬ ಆಕ್ಷೇಪಣೆಗೆ ಹೆಚ್ಚಿನ ತೂಕವಿದೆ. 2023-24ರ ‘ಯುಡೈಸ್’ ವರದಿಯ ಪ್ರಕಾರ ದೇಶದ ಶಾಲೆಗಳಲ್ಲಿ ಗಣಕಯಂತ್ರವಿದ್ದುದು ಶೇಕಡ 57.2ರಲ್ಲಿ, ಅಂತರಜಾಲವಿದ್ದುದು ಶೇಕಡ 53.9ರಲ್ಲಿ. ಆದುದರಿಂದ ಸೌಕರ್ಯದ ಬೇಡಿಕೆಯು ನ್ಯಾಯವಾದುದೇ. ಆದರೆ ಸೌಕರ್ಯವಿರುವ ಶಾಲೆಗಳಲ್ಲಿಯೂ ಗಣಕದ ಕೋಣೆಗೆ ಬೀಗ ಬಿದ್ದಿದ್ದರೆ, ಅದಕ್ಕೆ ಕಾರಣ ತಂತಿಯಲ್ಲ, ಸಮಯದ ಅಭಾವ. 2009ರ ಶಿಕ್ಷಣಹಕ್ಕು ಕಾಯಿದೆಯೂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಿಗೆ ಉಪಾಧ್ಯಾಯರನ್ನು ನಿಯೋಜಿಸಲು ಅವಕಾಶವಿತ್ತಿದೆ. ಪರೀಕ್ಷೆ, ವರದಿ, ಸಭೆಗಳ ನಡುವೆ ಹೊಸತೊಂದನ್ನು ಪ್ರಯೋಗಿಸಿ, ತಪ್ಪಿ, ತಿದ್ದಿಕೊಳ್ಳಲು ಅವರಿಗೆ ಬಿಡುವೆಲ್ಲಿ?

ಹಾಗಾದರೆ ಕರ್ತವ್ಯವೇನು? ಮೊದಲನೆಯದಾಗಿ, ವೇಳಾಪಟ್ಟಿಯಲ್ಲಿಯೇ ವಾರಕ್ಕೊಂದು ಅವಧಿಯನ್ನು ಉಪಾಧ್ಯಾಯರು ಇಬ್ಬಿಬ್ಬರಾಗಿ ಕೂಡಿ ಪಾಠ ಸಿದ್ಧಪಡಿಸಲು ಮೀಸಲಿಡಬೇಕು. ಎರಡನೆಯದಾಗಿ, ಆರಂಭವು ಚಿಕ್ಕದಾಗಿರಬೇಕು: ಒಂದು ತರಗತಿ, ಒಂದು ಪಾಠ, ಒಂದು ಪುಟ. ಜಗತ್ತಿಗೆ ತೆರೆದ ತಾಣಕ್ಕಿಂತ ಮೊದಲು ತರಗತಿಯೊಳಗಿನ ಪುಟದಲ್ಲಿಯೇ ಅಭ್ಯಾಸವಾಗಲಿ. ಮೂರನೆಯದಾಗಿ, ಪ್ರತಿ ಮಗುವಿನ ಪಾತ್ರವನ್ನೂ ಅಂಕದ ಕ್ರಮವನ್ನೂ ಮೊದಲೇ ನಿಶ್ಚಯಿಸಬೇಕು. ನಾಲ್ಕನೆಯದಾಗಿ, ಮಕ್ಕಳ ಹೆಸರು, ಭಾವಚಿತ್ರಗಳ ವಿಷಯದಲ್ಲಿ ಎಚ್ಚರವಿರಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ಮಾಹಿತಿಯ ಬಳಕೆಗೆ ಹೆತ್ತವರ ಸಮ್ಮತಿಯನ್ನು ವಿಧಿಸಿದೆ. ಕೊನೆಯದಾಗಿ, ಮೊದಲ ಪ್ರಯತ್ನವು ಕೆಟ್ಟರೆ ಉಪಾಧ್ಯಾಯರನ್ನು ಹಂಗಿಸದಿರುವ ಔದಾರ್ಯವು ಮೇಲಧಿಕಾರಿಗಳಲ್ಲಿರಬೇಕು.

ಹೊರನಾಡಿನ ಕನ್ನಡ ಸಂಘಗಳಿಗೆ ಈ ವಿಚಾರದಲ್ಲಿ ವಿಶೇಷ ಹೊಣೆಯಿದೆ. ಮಹಾನಗರದ ಕನ್ನಡ ಶಾಲೆಯಲ್ಲಾಗಲಿ, ಭಾನುವಾರದ ಕನ್ನಡ ತರಗತಿಯಲ್ಲಾಗಲಿ ಬೋಧಿಸುವವರು ಬಹುಮಟ್ಟಿಗೆ ಒಂಟಿಗಳು. ಅದೇ ಪಾಠವನ್ನು ಅದೇ ಭಾಷೆಯಲ್ಲಿ ಹೇಳುವ ಸಹೋದ್ಯೋಗಿಯು ಆಚೆಯ ಉಪನಗರದಲ್ಲಿರಬಹುದು, ಇಲ್ಲವೆ ಆಚೆಯ ಊರಿನಲ್ಲಿ. ಕೂಡಿ ಬರೆಯುವ ಸಾಧನದ ಅಗತ್ಯವು ಇವರಿಗಿಂತ ಹೆಚ್ಚಾಗಿ ಇನ್ನಾರಿಗಿದೆ? ಆದರೆ ಇವರಿಗೆ ಎದುರಾಗುವ ಮೊದಲ ತೊಡಕು ಅತಿ ಸಣ್ಣದು: ಒತ್ತಕ್ಷರ ಮೂಡಿಸುವುದು ಹೇಗೆ, ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿಟ್ಟ ಪಾಠವು ಜಾಲದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದೇಕೆ, ಅದನ್ನು ಯೂನಿಕೋಡಿಗೆ ಪರಿವರ್ತಿಸುವುದು ಹೇಗೆ. ಬಲ್ಲವರು ಅರ್ಧ ಗಂಟೆ ಪಕ್ಕದಲ್ಲಿ ಕುಳಿತರೆ ನೀಗುವ ಈ ತೊಡಕು, ಬಲ್ಲವರು ಯಾರೂ ಬಾರದಿದ್ದರೆ ಇಡೀ ಪ್ರಯತ್ನವನ್ನೇ ಮುಗಿಸಿಬಿಡುತ್ತದೆ.

ಅಂಥ ಬಲ್ಲವರು ಸಂಘಗಳ ಸದಸ್ಯರಲ್ಲಿಯೇ ಇದ್ದಾರೆ. ಬ್ಯಾಂಕುಗಳಲ್ಲಿಯೂ ತಂತ್ರಾಂಶ ಸಂಸ್ಥೆಗಳಲ್ಲಿಯೂ ದಿನವಿಡೀ ಹಂಚಿದ ಹಾಳೆಗಳ ಮೇಲೆಯೇ ದುಡಿಯುವವರು ಅವರು. ಶಾಲೆಗೆ ಗಣಕಯಂತ್ರವನ್ನು ದಾನವಿತ್ತು ಫಲಕ ಹಾಕಿಸುವ ಸಂಪ್ರದಾಯವು ಇರಲಿ. ಅದರ ಜೊತೆಗೆ, ಒಬ್ಬ ಸದಸ್ಯರು ಒಬ್ಬ ಉಪಾಧ್ಯಾಯರೊಡನೆ ಒಂದು ಅವಧಿಯವರೆಗೆ ವಾರಕ್ಕೊಂದು ಸಂಜೆ ಕೂಡುವ ಹೊಸ ದಾನವೂ ಮೊದಲಾಗಲಿ. ಅದಕ್ಕೆ ಫಲಕವಿರದು, ಭಾವಚಿತ್ರವಿರದು. ಆದರೆ ಹನಿಗೂಡಿದರೆ ಹಳ್ಳವೆಂಬ ಗಾದೆಯು ಸುಳ್ಳಲ್ಲ. ಯಂತ್ರವು ಹಳತಾಗಿ ಮೂಲೆ ಸೇರಿದ ಮೇಲೂ, ಜೊತೆಯಲ್ಲಿ ಕುಳಿತು ಕಲಿತ ಉಪಾಧ್ಯಾಯರು ತರಗತಿಯಲ್ಲಿ ಉಳಿದಿರುತ್ತಾರೆ.