ಸುರುಳಿಗೊಂಡ ನೆಗೆಟಿವ್‌ಗಳು

ಹಿರಿಯರ ಭಾವಚಿತ್ರಗಳ ಪೆಟ್ಟಿಗೆಯಲ್ಲಿ ಬಿಗಿಯಾಗಿ ಸುರುಳಿಗೊಂಡ ನೆಗೆಟಿವ್‌ಗಳು ದೊರೆತರೆ ಬಲವಂತದಿಂದ ಬಿಡಿಸಲಾಗದು. ಇಸ್ತ್ರಿಯಂತೂ ಬೇಡವೇ ಬೇಡ. ಅಜ್ಜಿಯ ಮುಖ ಉಳಿದಿರುವುದು ಆ ಒಂದು ತುಣುಕಿನಲ್ಲಿಯೇ ಇದ್ದೀತು. ಫಿಲ್ಮಿನ ಒಂದು ಮಗ್ಗುಲಿನ ಜೆಲಟಿನ್ ಲೇಪ ಒಣಗಿ ಕುಗ್ಗುವುದರಿಂದ ಈ ಸುರುಳಿ. 1903ರಲ್ಲಿ ಕೊಡಕ್ ಸಂಸ್ಥೆಯು ಹಿಂಬದಿಗೂ ಜೆಲಟಿನ್ ಲೇಪಿಸಿ ಇದನ್ನು ತಗ್ಗಿಸಿತು.

ಒಣಗಿದ್ದಕ್ಕೆ ತೇವವೇ ಮದ್ದು. ಮುಚ್ಚಳವುಳ್ಳ ಡಬ್ಬಿಯ ತಳದಲ್ಲಿ ಒದ್ದೆ ಬಟ್ಟೆ, ಅದಕ್ಕೆ ತಾಗದಂತೆ ಮೇಲೊಂದು ಜಾಲರಿ, ಜಾಲರಿಯ ಮೇಲೆ ನೆಗೆಟಿವ್. ಕೆಲವು ತಾಸು ಬಿಟ್ಟು, ಆಗಾಗ ನೋಡುತ್ತಿರಬೇಕು. ಜೆಲಟಿನ್ ಜಿಗುಟಾದರೆ ಚಿತ್ರವೇ ಹೋದಂತೆ. ಕೊಂಚ ಮೆದುವಾದೊಡನೆ ಬ್ಲಾಟಿಂಗ್ ಕಾಗದಗಳ ನಡುವೆ ಹರಡಿ, ದಪ್ಪ ಗ್ರಂಥದ ಭಾರವಿರಿಸಿ ಒಂದೆರಡು ದಿನ ಕಾಯಬೇಕು. ಆತುರದವರ ಕೆಲಸವಲ್ಲ ಇದು. ವಿನೆಗರಿನ ವಾಸನೆ ಬಂದರೆ ಅಸಿಟೇಟ್ ಫಿಲ್ಮೇ ಕೆಡುತ್ತಿದೆಯೆಂದರ್ಥ; ತೇವವು ಅದನ್ನು ಇನ್ನಷ್ಟು ಕೆಡಿಸುತ್ತದೆ. ಅಂತಹವನ್ನು ಬಲ್ಲವರಿಗೊಪ್ಪಿಸುವುದೇ ಲೇಸು.