ಜಾಕ್ ಇರೋದು ಎತ್ತೋಕೆ, ಹೊರೋಕಲ್ಲ

ಥಾರ್, ಜಿಮ್ನಿ ಕನಸು ಕಾಣೋರು ನಮ್ಮ ಹಾಸ್ಟೆಲಲ್ಲಿ ಫ್ಲೋರಿಗೆ ನಾಲ್ಕು ಜನ ಸಿಗ್ತಾರೆ. ಸ್ನಾರ್ಕೆಲ್, ಲೈಟ್ ಬಾರ್ ರೇಟೆಲ್ಲ ಬಾಯಿಪಾಠ. ಜಾಕ್ ಸ್ಟ್ಯಾಂಡ್ ಅಂದ್ರೆ ಮಾತ್ರ, 'ಗಾಡಿ ಜೊತೇಲೇ ಜಾಕ್ ಬರುತ್ತಲ್ಲ ಮಗಾ' ಅಂತಾರೆ. ನನ್ನ ತಕರಾರು ಇರೋದೇ ಇಲ್ಲಿ.

ಕಳೆದ ರಜೆಯಲ್ಲಿ ಸಕಲೇಶಪುರದ ಹತ್ತಿರ ಮಾವನ ಮನೇಲಿದ್ದೆ. ಹಳೇ ಜೀಪಿನ ಹಿಂದಿನ ಚಕ್ರ ಬಿಚ್ಚಬೇಕಿತ್ತು. ಅಂಗಳ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು, ಫಸ್ಟ್ ಗೇರ್ ಹಾಕಿ, ಜಾಕ್ ಏರಿಸಿದೆ. ಚಕ್ರ ನೆಲ ಬಿಟ್ಟಿದ್ದೇ ತಡ, ಜೀಪು ಮುಂದಕ್ಕೆ ಜಾರಿತು, ಎತ್ತಿದ್ದ ಚಕ್ರ ಹಿಂದಕ್ಕೆ ತಿರುಗಿತು, ಜಾಕ್ ಪಲ್ಟಿ ಹೊಡೀತು. ಪುಣ್ಯಕ್ಕೆ ನನ್ನ ಕೈ ಒಳಗಿರಲಿಲ್ಲ.

ಹಳೇ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು. ಗೇರ್ ಹಿಡಿಯೋದೂ ಅದನ್ನೇ. ಶಾಫ್ಟ್ ನಿಂತರೂ ಡಿಫರೆನ್ಷಿಯಲ್‌ನಲ್ಲಿ ಎರಡು ಚಕ್ರ ಪರಸ್ಪರ ವಿರುದ್ಧ ದಿಕ್ಕಿಗೆ ಆರಾಮಾಗಿ ತಿರುಗಬಹುದು. ಎರಡರ ವೇಗದ ಮೊತ್ತ ಸೊನ್ನೆ, ಅಷ್ಟೇ. ಇದೇ ಲೆಕ್ಕ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನು!

ಫೋರ್ ವ್ಹೀಲ್ ಹಾಕಿದ್ದರೆ ಮುಂದಿನ ಆಕ್ಸಲ್ಲೂ ಹಿಡಿದಿರ್ತಿತ್ತು (ಫ್ರೀ ವ್ಹೀಲಿಂಗ್ ಹಬ್ ಇದ್ದರೆ ಅದನ್ನೂ ಲಾಕ್ ಮಾಡಿರಬೇಕು). ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ರಂತೂ ಗೇರ್ ಹಾಕಿಯೂ ಪ್ರಯೋಜನವಿಲ್ಲ. ಏನೇ ಇರಲಿ, ಸಮತಟ್ಟಾದ ಗಟ್ಟಿ ನೆಲ ಹುಡುಕಿ. ನೆಲದ ಮೇಲೆ ಉಳಿಯೋ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ನಟ್‌ಗಳನ್ನ ಎತ್ತೋ ಮೊದಲೇ ಸಡಿಲಿಸಿ, ಎತ್ತಿದ ಮೇಲೆ ಜಗ್ಗಾಡಬೇಡಿ. ಹಿಂದೆ ಲೈವ್ ಆಕ್ಸಲ್ ಇದ್ದರೆ ಅದರ ಕೆಳಗೇ ಜಾಕ್ ಕೊಡೋದು ವಾಸಿ. ಚಾಸಿಗೆ ಕೊಟ್ಟರೆ ಸಸ್ಪೆನ್ಷನ್ ಜೋತುಬೀಳುತ್ತೆ, ಗಾಡಿಯನ್ನ ಇನ್ನೂ ಎತ್ತರಕ್ಕೆ ಏರಿಸಬೇಕು, ಅಷ್ಟೂ ಓಲಾಟ ಜಾಸ್ತಿ. ಒಂದು ಚಕ್ರ ಮೇಲಿರುವಾಗ ಎಂಜಿನ್ ಸ್ಟಾರ್ಟ್ ಮಾಡೋ ಹುಚ್ಚು ಬೇಡವೇ ಬೇಡ.

ಗಾಡಿ ಕೆಳಗೆ ಹೋಗೋದಾದ್ರೆ ಸ್ಟ್ಯಾಂಡ್ ಇರಲೇಬೇಕು, ಇದರಲ್ಲಿ ರಾಜಿ ಇಲ್ಲ. ಹೈಡ್ರಾಲಿಕ್ ಜಾಕ್‌ನ ಸೀಲ್ ಸೋರಿದರೆ ಗಾಡಿ ಹೇಳದೆ ಕೇಳದೆ ಇಳಿಯುತ್ತೆ. ಜಿಮ್ನಿಯೇ ಸುಮಾರು 1200 ಕೆಜಿ. ಹಾಲೋ ಬ್ಲಾಕ್ ಇಟ್ಟು ನುಗ್ಗೋರನ್ನೂ ನೋಡಿದ್ದೀನಿ; ಅದು ಬಗ್ಗಿ ಸೂಚನೆ ಕೊಡೋ ವಸ್ತು ಅಲ್ಲ, ನೇರ ಪುಡಿ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೂ ಹೊರಗೆ ನಿಂತೇ ಒಮ್ಮೆ ಗಾಡಿ ಅಲ್ಲಾಡಿಸಿ ನೋಡಿ.

ಮಾವ ಬೈಲಿಲ್ಲ. ಮರುದಿನ ಸಿಲ್ವರ್ ಓಕ್ ತುಂಡಿನಿಂದ ಎರಡು ಜೊತೆ ಅಡೆ ಕೆತ್ತಿ ಸೀಟಿನ ಕೆಳಗಿಟ್ಟರು. ಸ್ಟ್ಯಾಂಡ್ ದುಡ್ಡು ನನ್ನ ಕೈಲೇ ಕೊಡಿಸಿದ್ರು.